ವಿಂಡೋಸ್ ಲೈಸೆನ್ಸ್ ಕೀ: ನೂರಾರು ಕಂಪ್ಯೂಟರ್‌ಗಳಿಗೆ ಒಂದೇ ಕಡೆಯಿಂದ ಹಾಕುವುದು ಹೇಗೆ? ಐಟಿ ಅಡ್ಮಿನ್‌ಗಳಿಗೆ ಇಲ್ಲಿದೆ ಸಂಪೂರ್ಣ ಮಾಹಿತಿ

ವಿಂಡೋಸ್ 10ರ ಸಾಮಾನ್ಯ ಆವೃತ್ತಿಗಳಿಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ಆಫೀಸ್ 2016 ಮತ್ತು ಆಫೀಸ್ 2019ರ ಬೆಂಬಲವೂ ಅದೇ ದಿನ ಮುಗಿದಿದೆ. ಎಲ್ಲ ಕಂಪ್ಯೂಟರ್‌ಗಳನ್ನೂ ಒಮ್ಮೆಲೇ ಬದಲಿಸಲು ಸಾಧ್ಯವಾಗದ ಕಂಪನಿ, ಆಸ್ಪತ್ರೆ, ಕಾಲೇಜುಗಳಿಗೆ ಹಣ ಕೊಟ್ಟು ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ಅವಕಾಶವಿದೆ. ಆದರೆ ಹಣ ಕಟ್ಟಿದ ಮಾತ್ರಕ್ಕೆ ಅಪ್‌ಡೇಟ್ ಬರುವುದಿಲ್ಲ. 25 ಅಕ್ಷರಗಳ ಲೈಸೆನ್ಸ್ ಕೀ ಪ್ರತಿಯೊಂದು ಕಂಪ್ಯೂಟರ್‌ಗೂ ತಲುಪಬೇಕು, ಅಲ್ಲಿ ಸಕ್ರಿಯವಾಗಬೇಕು.

ಹತ್ತು ಕಂಪ್ಯೂಟರ್ ಇರುವ ಕಚೇರಿಯಲ್ಲಿ ಈ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಮುನ್ನೂರು ಕಂಪ್ಯೂಟರ್, ಮೂರು ಊರುಗಳಲ್ಲಿ ಶಾಖೆ, ಮನೆಯಿಂದ ಕೆಲಸ ಮಾಡುವ ಸಿಬ್ಬಂದಿ ಇದ್ದರೆ ಕಥೆಯೇ ಬೇರೆ. ಒಂದು ಕಂಪ್ಯೂಟರ್ ತಪ್ಪಿಹೋದರೂ ಅದು ಭದ್ರತಾ ಅಪ್‌ಡೇಟ್ ಇಲ್ಲದೆ ನೆಟ್‌ವರ್ಕ್‌ನಲ್ಲಿ ಉಳಿದುಬಿಡುತ್ತದೆ. ಇದನ್ನು ನಿಭಾಯಿಸಲು ಮೈಕ್ರೋಸಾಫ್ಟ್‌ನದ್ದೇ ಸಾಧನಗಳಿವೆ. ಅವುಗಳಲ್ಲಿ ಮುಖ್ಯವಾದವು ಎರಡು: ವಿಂಡೋಸ್‌ನಲ್ಲೇ ಇರುವ ಎಸ್‌ಎಲ್‌ಎಂಜಿಆರ್ ಮತ್ತು ಪ್ರತ್ಯೇಕವಾಗಿ ಇನ್‌ಸ್ಟಾಲ್ ಮಾಡಬೇಕಾದ ವಾಲ್ಯೂಮ್ ಆಕ್ಟಿವೇಶನ್ ಮ್ಯಾನೇಜ್‌ಮೆಂಟ್ ಟೂಲ್, ಅಂದರೆ ವಿಎಎಂಟಿ.

ಏನಿದು ಪ್ರಾಡಕ್ಟ್ ಕೀ?

ವಿಂಡೋಸ್ ಪ್ರಾಡಕ್ಟ್ ಕೀಯಲ್ಲಿ ಐದೈದು ಅಕ್ಷರಗಳ ಐದು ಗುಂಪುಗಳಿರುತ್ತವೆ. ಒಟ್ಟು 25 ಅಕ್ಷರ. ಓದುವಾಗ ಗೊಂದಲ ಆಗಬಾರದು ಎಂಬ ಕಾರಣಕ್ಕೆ ಕೆಲವು ಅಕ್ಷರಗಳನ್ನು ಕೈಬಿಡಲಾಗಿದೆ. ಸೊನ್ನೆ ಮತ್ತು 'ಓ', ಒಂದು ಮತ್ತು 'ಐ' ಇವು ಯಾವುವೂ ಕೀಯಲ್ಲಿ ಬರುವುದಿಲ್ಲ. ಆದರೆ 'ಬಿ' ಮತ್ತು 8, 'ಜಿ' ಮತ್ತು 6 ಎರಡೂ ಇವೆ. ಕೈಯಿಂದ ಟೈಪ್ ಮಾಡುವಾಗ ಎಡವಲು ಇಷ್ಟು ಸಾಕು.

ಕೀ ಹಾಕುವುದು ಮತ್ತು ಆಕ್ಟಿವೇಟ್ ಮಾಡುವುದು ಎರಡು ಬೇರೆ ಬೇರೆ ಕೆಲಸ. ಕೀ ಹಾಕಿದಾಗ ಕಂಪ್ಯೂಟರ್ ಅದನ್ನು ತನ್ನಲ್ಲಿ ದಾಖಲಿಸಿಕೊಳ್ಳುತ್ತದೆ ಅಷ್ಟೆ. ಆಮೇಲೆ ಮೈಕ್ರೋಸಾಫ್ಟ್ ಸರ್ವರ್ ಅಥವಾ ಸಂಸ್ಥೆಯ ಒಳಗಿನ ಸರ್ವರ್ ಜತೆ ಮಾತಾಡಿ ಒಪ್ಪಿಗೆ ಪಡೆದಾಗ ಮಾತ್ರ ಆಕ್ಟಿವೇಶನ್ ಪೂರ್ಣವಾಗುತ್ತದೆ. 'ಕೀ ಹಾಕಿದ್ದೇವೆ, ಆದರೂ ಆಕ್ಟಿವೇಟ್ ಮಾಡಿ ಎಂಬ ಸಂದೇಶ ಬರುತ್ತಿದೆ' ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಈ ಎರಡನೇ ಹಂತ ಬಾಕಿ ಉಳಿದಿರುವುದೇ.

ಒಂದು ಸೋರಿಕೆ, ಹೊಸ ವ್ಯವಸ್ಥೆ

2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜತೆ ಕಡ್ಡಾಯ ಆಕ್ಟಿವೇಶನ್ ಬಂತು. ಆದರೆ ದೊಡ್ಡ ಸಂಸ್ಥೆಗಳಿಗೆ ಕೊಟ್ಟ ವಾಲ್ಯೂಮ್ ಲೈಸೆನ್ಸ್ ಕೀಗೆ ಅದರಿಂದ ವಿನಾಯಿತಿ ಇತ್ತು. ಒಂದೇ ಕೀಯನ್ನು ಎಷ್ಟು ಕಂಪ್ಯೂಟರ್‌ಗೆ ಬೇಕಾದರೂ ಹಾಕಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಎಕ್ಸ್‌ಪಿ ಅಂಗಡಿಗೆ ಬರುವ ಮೊದಲೇ ಇಂಥದ್ದೊಂದು ಕೀ ಸೋರಿಕೆಯಾಗಿ ಜಗತ್ತಿನಾದ್ಯಂತ ಹರಡಿತು. ಮುಂದೆ ಸರ್ವೀಸ್ ಪ್ಯಾಕ್ 1ರಲ್ಲಿ ಮೈಕ್ರೋಸಾಫ್ಟ್ ಅದನ್ನು ತಡೆಹಿಡಿಯಬೇಕಾಯಿತು.

ಈ ಪಾಠದ ನಂತರ ವಿಂಡೋಸ್ ವಿಸ್ಟಾದಲ್ಲಿ ನಿಯಮ ಬದಲಾಯಿತು. ಸಂಸ್ಥೆಗಳೂ ಆಕ್ಟಿವೇಟ್ ಮಾಡಲೇಬೇಕು, ಆದರೆ ಅದಕ್ಕೆ ಎರಡು ದಾರಿ ಇವೆ ಎಂದಾಯಿತು. ಒಂದು ಎಂಎಕೆ, ಇನ್ನೊಂದು ಕೆಎಂಎಸ್. ಇಂದಿನ ವಿಂಡೋಸ್ 11ರವರೆಗೂ ಈ ಎರಡು ದಾರಿಗಳು ಉಳಿದುಕೊಂಡಿವೆ.

ಕೀಗಳಲ್ಲಿ ಎಷ್ಟು ಬಗೆ?

ಯಾವ ಕೀ ಎಲ್ಲಿಗೆ ಎಂದು ತಿಳಿಯದೆ ಟೂಲ್ ತೆರೆದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಅಡ್ಮಿನ್ ಕೈಗೆ ಬರುವ ಕೀಗಳು ಹೀಗಿವೆ.

* ರಿಟೇಲ್ ಕೀ: ಅಂಗಡಿ ಅಥವಾ ಆನ್‌ಲೈನ್‌ನಲ್ಲಿ ಒಂದೊಂದಾಗಿ ಕೊಳ್ಳುವಂಥದ್ದು.

* ಎಂಎಕೆ: ಮಲ್ಟಿಪಲ್ ಆಕ್ಟಿವೇಶನ್ ಕೀ. ಒಂದೇ ಕೀ, ಆದರೆ ಇಂತಿಷ್ಟೇ ಆಕ್ಟಿವೇಶನ್ ಎಂಬ ಮಿತಿ ಇದೆ. ಪ್ರತಿ ಕಂಪ್ಯೂಟರ್ ಒಮ್ಮೆ ಮೈಕ್ರೋಸಾಫ್ಟ್‌ನಿಂದ ಒಪ್ಪಿಗೆ ಪಡೆದರೆ ಸಾಕು, ಅವಧಿ ಮುಗಿಯುವ ಚಿಂತೆ ಇಲ್ಲ.

* ಕೆಎಂಎಸ್ ಹೋಸ್ಟ್ ಕೀ: ಸಂಸ್ಥೆಯ ಒಳಗೆ ಆಕ್ಟಿವೇಶನ್ ಸರ್ವರ್ ಆಗುವ ಯಂತ್ರಕ್ಕೆ ಮಾತ್ರ ಹಾಕಬೇಕಾದ ಕೀ.

* ಜಿವಿಎಲ್‌ಕೆ: ಕೆಎಂಎಸ್ ಸರ್ವರ್‌ನಿಂದ ಒಪ್ಪಿಗೆ ಪಡೆಯುವ ಸಾಮಾನ್ಯ ಕಂಪ್ಯೂಟರ್‌ಗಳಿಗೆ ಹಾಕುವ ಕೀ. ಇದು ಗುಟ್ಟಿನದ್ದಲ್ಲ. ಮೈಕ್ರೋಸಾಫ್ಟ್ ತನ್ನ ದಾಖಲೆಗಳಲ್ಲೇ ಪ್ರಕಟಿಸಿದೆ. ಇದೊಂದರಿಂದಲೇ ಯಾವ ಕಂಪ್ಯೂಟರ್ ಕೂಡ ಆಕ್ಟಿವೇಟ್ ಆಗುವುದಿಲ್ಲ.

ಎಂಎಕೆ ಮತ್ತು ಕೆಎಂಎಸ್ ಹೋಸ್ಟ್ ಕೀಗಳು ಮೊದಲು ವಾಲ್ಯೂಮ್ ಲೈಸೆನ್ಸಿಂಗ್ ಸರ್ವೀಸ್ ಸೆಂಟರ್‌ನಲ್ಲಿ ಸಿಗುತ್ತಿದ್ದವು. ಈಗ ಅವು ಮೈಕ್ರೋಸಾಫ್ಟ್ 365 ಅಡ್ಮಿನ್ ಸೆಂಟರ್‌ಗೆ ಸ್ಥಳಾಂತರಗೊಂಡಿವೆ.

ಕೆಎಂಎಸ್ ಕೆಲಸ ಮಾಡುವುದು ಹೇಗೆ?

ಕೆಎಂಎಸ್ ಎಂದರೆ ಕೀ ಮ್ಯಾನೇಜ್‌ಮೆಂಟ್ ಸರ್ವೀಸ್. ಸಂಸ್ಥೆಯ ಒಂದು ಸರ್ವರ್ ಮಾತ್ರ ಮೈಕ್ರೋಸಾಫ್ಟ್ ಜತೆ ಸಂಪರ್ಕ ಸಾಧಿಸುತ್ತದೆ. ಉಳಿದ ಕಂಪ್ಯೂಟರ್‌ಗಳು ಡಿಎನ್‌ಎಸ್ ಮೂಲಕ ಆ ಸರ್ವರ್ ಎಲ್ಲಿದೆ ಎಂದು ಹುಡುಕಿ, ಟಿಸಿಪಿ ಪೋರ್ಟ್ 1688ರಲ್ಲಿ ಅದನ್ನು ಸಂಪರ್ಕಿಸುತ್ತವೆ.

ಇಲ್ಲೊಂದು ಲೆಕ್ಕವಿದೆ. ಕನಿಷ್ಠ 25 ವಿಂಡೋಸ್ ಕಂಪ್ಯೂಟರ್‌ಗಳು ಸಂಪರ್ಕಿಸುವ ತನಕ ಕೆಎಂಎಸ್ ಯಾವ ಕಂಪ್ಯೂಟರನ್ನೂ ಆಕ್ಟಿವೇಟ್ ಮಾಡುವುದಿಲ್ಲ. ವಿಂಡೋಸ್ ಸರ್ವರ್ ಮತ್ತು ಆಫೀಸ್‌ಗೆ ಈ ಮಿತಿ 5. ಹಾಗಾಗಿ 18 ಕಂಪ್ಯೂಟರ್ ಇರುವ ಸಣ್ಣ ಕಚೇರಿಗೆ ವಿಂಡೋಸ್ 10 ಅಥವಾ 11 ಆಕ್ಟಿವೇಟ್ ಮಾಡಲು ಕೆಎಂಎಸ್ ಉಪಯೋಗಕ್ಕೆ ಬಾರದು. ಅಲ್ಲಿ ಎಂಎಕೆ ಸೂಕ್ತ.

ಕೆಎಂಎಸ್ ಒಪ್ಪಿಗೆ 180 ದಿನ ಮಾತ್ರ ಇರುತ್ತದೆ. ಕಂಪ್ಯೂಟರ್ ಪ್ರತಿ 7 ದಿನಕ್ಕೊಮ್ಮೆ ತಾನಾಗಿಯೇ ನವೀಕರಣಕ್ಕೆ ಪ್ರಯತ್ನಿಸುತ್ತದೆ. ಕಚೇರಿ ನೆಟ್‌ವರ್ಕ್‌ನಲ್ಲಿ ಇರುವ ಯಂತ್ರಗಳಿಗೆ ಇದು ಸಮಸ್ಯೆಯೇ ಅಲ್ಲ. ಪುಣೆಯ ಕಚೇರಿಯ ಲ್ಯಾಪ್‌ಟಾಪ್ ಹಿಡಿದುಕೊಂಡು ಹುಬ್ಬಳ್ಳಿಯ ಮನೆಯಿಂದ ಕೆಲಸ ಮಾಡುವವರದ್ದು ಬೇರೆ ಮಾತು. ಆರು ತಿಂಗಳು ವಿಪಿಎನ್‌ಗೆ ಬಾರದೆ ಇದ್ದರೆ ಆ ಲ್ಯಾಪ್‌ಟಾಪ್‌ನ ಆಕ್ಟಿವೇಶನ್ ಹೋಗುತ್ತದೆ. ಇಂಥವರಿಗೆ ವಿಪಿಎನ್ ಮೂಲಕ ಸರ್ವರ್ ಸಂಪರ್ಕ ಸಿಗುವಂತೆ ನೋಡಿಕೊಳ್ಳಬೇಕು, ಇಲ್ಲವೇ ಎಂಎಕೆ ಹಾಕಬೇಕು.

ವಿಂಡೋಸ್ 8 ಮತ್ತು ವಿಂಡೋಸ್ ಸರ್ವರ್ 2012ರಿಂದ ಆಕ್ಟಿವ್ ಡೈರೆಕ್ಟರಿ ಆಧಾರಿತ ಆಕ್ಟಿವೇಶನ್ ಎಂಬ ಇನ್ನೊಂದು ದಾರಿಯೂ ಇದೆ. ಡೊಮೇನ್‌ಗೆ ಸೇರಿದ ಕಂಪ್ಯೂಟರ್‌ಗಳು ಅಲ್ಲಿಂದಲೇ ಒಪ್ಪಿಗೆ ಪಡೆಯುತ್ತವೆ. 25ರ ಲೆಕ್ಕ ಇದಕ್ಕಿಲ್ಲ.

ಒಂದು ಕಂಪ್ಯೂಟರ್‌ಗೆ ಕೀ ಹಾಕಲು ಎಸ್‌ಎಲ್‌ಎಂಜಿಆರ್

ಎಸ್‌ಎಲ್‌ಎಂಜಿಆರ್ ಒಂದು ವಿಬಿಎಸ್ ಸ್ಕ್ರಿಪ್ಟ್. ಪ್ರತಿ ವಿಂಡೋಸ್‌ನಲ್ಲೂ ಮೊದಲಿನಿಂದಲೇ ಇರುತ್ತದೆ. ಕಮಾಂಡ್ ಪ್ರಾಂಪ್ಟ್ ಅನ್ನು 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಆಯ್ಕೆಯಲ್ಲಿ ತೆರೆದು ಬಳಸಬೇಕು. ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಓದಲು ಸುಲಭವಾಗಲಿ ಎಂದು ಇಲ್ಲಿ ಅವುಗಳ ಉಚ್ಚಾರ ಕೊಡಲಾಗಿದೆ. ಎಸ್‌ಎಲ್‌ಎಂಜಿಆರ್ ಎಂದು ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ ಕೆಳಗಿನ ಆದೇಶ ಕೊಡಬೇಕು.

* ಐಪಿಕೆ: ಇದರ ಮುಂದೆ 25 ಅಕ್ಷರಗಳ ಕೀ ಕೊಟ್ಟರೆ ಅದು ಇನ್‌ಸ್ಟಾಲ್ ಆಗುತ್ತದೆ.

* ಎಟಿಒ: ಹಾಕಿದ ಕೀಯನ್ನು ಆಕ್ಟಿವೇಟ್ ಮಾಡುತ್ತದೆ.

* ಡಿಎಲ್‌ವಿ: ಲೈಸೆನ್ಸ್‌ನ ಪೂರ್ಣ ವಿವರ ತೋರಿಸುತ್ತದೆ. ಕೀಯ ಕೊನೆಯ ಐದು ಅಕ್ಷರ ಮಾತ್ರ ಕಾಣಿಸುತ್ತದೆ.

* ಎಕ್ಸ್‌ಪಿಆರ್: ಆಕ್ಟಿವೇಶನ್ ಶಾಶ್ವತವೋ, ಅವಧಿ ಇದೆಯೋ, ಇದ್ದರೆ ಎಂದು ಮುಗಿಯುತ್ತದೆ ಎಂದು ತಿಳಿಸುತ್ತದೆ.

* ಎಸ್‌ಕೆಎಂಎಸ್: ಕೆಎಂಎಸ್ ಸರ್ವರ್‌ನ ಹೆಸರನ್ನು ನೇರವಾಗಿ ಸೂಚಿಸಲು.

* ಸಿಪಿಕೆವೈ: ರಿಜಿಸ್ಟ್ರಿಯಲ್ಲಿ ಉಳಿದ ಕೀಯನ್ನು ಅಳಿಸಲು. ಇದರಿಂದ ಆಕ್ಟಿವೇಶನ್ ಹೋಗುವುದಿಲ್ಲ, ಆದರೆ ಬೇರೆ ಸಾಫ್ಟ್‌ವೇರ್‌ಗಳು ಕೀ ಕದಿಯುವುದು ತಪ್ಪುತ್ತದೆ.

* ಯುಪಿಕೆ: ಕೀಯನ್ನೇ ತೆಗೆದುಹಾಕಲು. ಹಳೆಯ ಕಂಪ್ಯೂಟರ್ ಮಾರುವ ಅಥವಾ ದಾನ ಮಾಡುವ ಮೊದಲು ಬಳಸಬೇಕು.

ಸ್ಕ್ರಿಪ್ಟ್ ಮೂಲಕ ನಡೆಸುವಾಗ ಮೊದಲಿಗೆ 'ಸಿಸ್ಕ್ರಿಪ್ಟ್' ಸೇರಿಸಿದರೆ ಫಲಿತಾಂಶ ಪಾಪ್‌ಅಪ್ ಬದಲು ಕಮಾಂಡ್ ಪ್ರಾಂಪ್ಟ್‌ನಲ್ಲೇ ಬರುತ್ತದೆ. ಇಲ್ಲದಿದ್ದರೆ ಬಳಕೆದಾರರ ಪರದೆಯ ಮೇಲೆ ಪೆಟ್ಟಿಗೆ ತೆರೆದುಕೊಂಡು, ಅವರು 'ಓಕೆ' ಒತ್ತುವ ತನಕ ಕಾಯುತ್ತಾ ಕೂರುತ್ತದೆ. ಆಫೀಸ್‌ನ ವಾಲ್ಯೂಮ್ ಆವೃತ್ತಿಗಳಿಗೆ ಇದೇ ರೀತಿಯ ಓಎಸ್‌ಪಿಪಿ ಎಂಬ ಪ್ರತ್ಯೇಕ ಸ್ಕ್ರಿಪ್ಟ್ ಇದೆ.

ಒಂದು ಎಚ್ಚರಿಕೆ: ವಿಬಿಸ್ಕ್ರಿಪ್ಟ್ ಭಾಷೆಯನ್ನು ಹಂತ ಹಂತವಾಗಿ ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಪ್ರಕಟಿಸಿದೆ. ಹೊಸದಾಗಿ ಸ್ಕ್ರಿಪ್ಟ್ ಬರೆಯುವವರು ಪವರ್‌ಶೆಲ್ ದಾರಿಯನ್ನೂ ಈಗಲೇ ಕಲಿತಿಟ್ಟುಕೊಳ್ಳುವುದು ಒಳ್ಳೆಯದು.

ನೂರಾರು ಕಂಪ್ಯೂಟರ್‌ಗಳಿಗೆ ವಿಎಎಂಟಿ

ವಿಎಎಂಟಿ ಉಚಿತ ಸಾಧನ. ವಿಂಡೋಸ್ ಅಸೆಸ್‌ಮೆಂಟ್ ಆ್ಯಂಡ್ ಡಿಪ್ಲಾಯ್‌ಮೆಂಟ್ ಕಿಟ್, ಅಂದರೆ ಎಡಿಕೆ ಎಂಬ ದೊಡ್ಡ ಪ್ಯಾಕೇಜ್‌ನ ಒಂದು ಭಾಗವಾಗಿ ಬರುತ್ತದೆ. ಎಡಿಕೆ ಇನ್‌ಸ್ಟಾಲ್ ಮಾಡುವಾಗ ಪಟ್ಟಿಯಲ್ಲಿ ವಾಲ್ಯೂಮ್ ಆಕ್ಟಿವೇಶನ್ ಮ್ಯಾನೇಜ್‌ಮೆಂಟ್ ಟೂಲ್ ಒಂದನ್ನೇ ಆರಿಸಿದರೂ ಸಾಕು. ಮಾಹಿತಿ ಇಡಲು ಎಸ್‌ಕ್ಯೂಎಲ್ ಸರ್ವರ್ ಬೇಕು. ಅದರ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯೇ ಈ ಕೆಲಸಕ್ಕೆ ಸಾಕಾಗುತ್ತದೆ.

ವಿಎಎಂಟಿಯನ್ನು ಅಡ್ಮಿನ್‌ನ ಒಂದೇ ಕಂಪ್ಯೂಟರ್‌ನಲ್ಲಿ ಹಾಕಿದರಾಯಿತು. ಉಳಿದ ಕಂಪ್ಯೂಟರ್‌ಗಳಲ್ಲಿ ಯಾವ ಸಾಫ್ಟ್‌ವೇರ್ ಕೂಡ ಬೇಡ. ವಿಂಡೋಸ್‌ನ ಡಬ್ಲ್ಯುಎಂಐ ಎಂಬ ವ್ಯವಸ್ಥೆಯ ಮೂಲಕ ಅದು ದೂರದಿಂದಲೇ ಪ್ರತಿ ಕಂಪ್ಯೂಟರ್ ಜತೆ ಮಾತಾಡುತ್ತದೆ. ಅದಕ್ಕಾಗಿ ಎರಡು ಸಿದ್ಧತೆ ಮೊದಲೇ ಆಗಬೇಕು.

ಮೊದಲನೆಯದು ಫೈರ್‌ವಾಲ್. ಪ್ರತಿ ಕಂಪ್ಯೂಟರ್‌ನ ವಿಂಡೋಸ್ ಫೈರ್‌ವಾಲ್‌ನಲ್ಲಿ ಡಬ್ಲ್ಯುಎಂಐಗೆ ಅನುಮತಿ ಇರಬೇಕು. ಡೊಮೇನ್ ಇದ್ದರೆ ಗ್ರೂಪ್ ಪಾಲಿಸಿಯಲ್ಲಿ ಒಮ್ಮೆ ಹೇಳಿದರೆ ಎಲ್ಲ ಕಡೆ ಜಾರಿಯಾಗುತ್ತದೆ. ಅನುಮತಿಯನ್ನು ಅಡ್ಮಿನ್ ಕಂಪ್ಯೂಟರ್‌ನ ವಿಳಾಸಕ್ಕಷ್ಟೇ ಸೀಮಿತಗೊಳಿಸುವುದು ಸುರಕ್ಷಿತ.

ಎರಡನೆಯದು ಅಧಿಕಾರ. ಆಯಾ ಕಂಪ್ಯೂಟರ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಹಕ್ಕು ಇರುವ ಖಾತೆ ಬೇಕು. ಡೊಮೇನ್ ಇಲ್ಲದ ವರ್ಕ್‌ಗ್ರೂಪ್ ಕಂಪ್ಯೂಟರ್‌ಗಳಲ್ಲಿ ರಿಜಿಸ್ಟ್ರಿಯ 'ಲೋಕಲ್ ಅಕೌಂಟ್ ಟೋಕನ್ ಫಿಲ್ಟರ್ ಪಾಲಿಸಿ' ಮೌಲ್ಯವನ್ನು 1 ಮಾಡಬೇಕಾಗುತ್ತದೆ. ಇದು ಭದ್ರತೆಯನ್ನು ಸಡಿಲಿಸುವ ಬದಲಾವಣೆ. ಹಾಗಾಗಿ ಕೆಲಸ ಮುಗಿದ ಮೇಲೆ ಹಿಂದಿನ ಸ್ಥಿತಿಗೆ ತರುವುದನ್ನು ಮರೆಯಬಾರದು.

ಕೀ ಹಾಕುವುದು: ಹಂತ ಹಂತವಾಗಿ

1. ಡೇಟಾಬೇಸ್ ಜೋಡಣೆ: ವಿಎಎಂಟಿ ಮೊದಲ ಬಾರಿ ತೆರೆದಾಗ ಸರ್ವರ್ ಮತ್ತು ಡೇಟಾಬೇಸ್ ಹೆಸರು ಕೇಳುತ್ತದೆ. ಹೊಸ ಡೇಟಾಬೇಸ್ ಅಲ್ಲೇ ರಚಿಸಬಹುದು.

2. ಕಂಪ್ಯೂಟರ್ ಹುಡುಕಾಟ: 'ಡಿಸ್ಕವರ್ ಪ್ರಾಡಕ್ಟ್ಸ್' ಆಯ್ಕೆಯಲ್ಲಿ ಆಕ್ಟಿವ್ ಡೈರೆಕ್ಟರಿ, ವರ್ಕ್‌ಗ್ರೂಪ್, ಕಂಪ್ಯೂಟರ್ ಹೆಸರು ಅಥವಾ ಐಪಿ ವಿಳಾಸ, ಇಲ್ಲವೇ ಎಲ್‌ಡಿಎಪಿ ಪ್ರಶ್ನೆಯ ಮೂಲಕ ಹುಡುಕಬಹುದು.

3. ಸ್ಥಿತಿ ಪರಿಶೀಲನೆ: 'ಅಪ್‌ಡೇಟ್ ಲೈಸೆನ್ಸ್ ಸ್ಟೇಟಸ್' ಕೊಟ್ಟರೆ ಪ್ರತಿ ಕಂಪ್ಯೂಟರ್‌ನಲ್ಲಿ ಯಾವ ಆವೃತ್ತಿಯ ವಿಂಡೋಸ್, ಯಾವ ಆಫೀಸ್ ಇದೆ, ಲೈಸೆನ್ಸ್ ಇದೆಯೇ ಇಲ್ಲವೇ ಎಂಬ ಪಟ್ಟಿ ಸಿಗುತ್ತದೆ. ಈ ಪಟ್ಟಿಯನ್ನೇ ಮೊದಲು ಉಳಿಸಿಟ್ಟುಕೊಳ್ಳಿ. ಆಮೇಲೆ ಏನಾದರೂ ಏರುಪೇರಾದರೆ ಹೋಲಿಸಿ ನೋಡಲು ಬೇಕಾಗುತ್ತದೆ.

4. ಕೀ ಸೇರ್ಪಡೆ: ಎಡಭಾಗದ 'ಪ್ರಾಡಕ್ಟ್ ಕೀಸ್' ವಿಭಾಗದಲ್ಲಿ ಕೀಗಳನ್ನು ಸೇರಿಸಬೇಕು. ಒಂದೊಂದಾಗಿ ಟೈಪ್ ಮಾಡಬಹುದು, ಫೈಲ್‌ನಿಂದಲೂ ತರಬಹುದು. ಕೀ ಸರಿಯಾಗಿದೆಯೇ ಎಂದು ವಿಎಎಂಟಿ ಅಲ್ಲೇ ಪರೀಕ್ಷಿಸುತ್ತದೆ. ಇಂಟರ್ನೆಟ್ ಇದ್ದರೆ ಎಂಎಕೆಯಲ್ಲಿ ಇನ್ನೆಷ್ಟು ಆಕ್ಟಿವೇಶನ್ ಉಳಿದಿದೆ ಎಂದೂ ತೋರಿಸುತ್ತದೆ.

5. ಕೀ ಇನ್‌ಸ್ಟಾಲ್: ಬೇಕಾದ ಕಂಪ್ಯೂಟರ್‌ಗಳನ್ನು ಫಿಲ್ಟರ್ ಮಾಡಿ ಆರಿಸಿ, 'ಇನ್‌ಸ್ಟಾಲ್ ಪ್ರಾಡಕ್ಟ್ ಕೀ' ಒತ್ತಬೇಕು. ಆವೃತ್ತಿಗೂ ಕೀಗೂ ತಾಳೆಯಾಗದಿದ್ದರೆ ಆ ಕಂಪ್ಯೂಟರ್‌ನ ಮುಂದೆ ವಿಫಲ ಎಂದು ತೋರಿಸಿ, ವಿಎಎಂಟಿ ಮುಂದಿನದಕ್ಕೆ ಹೋಗುತ್ತದೆ. ಪೂರ್ತಿ ಕೆಲಸ ನಿಲ್ಲುವುದಿಲ್ಲ. ಹಾಗಾಗಿ ಕೊನೆಯಲ್ಲಿ ವಿಫಲವಾದವುಗಳ ಪಟ್ಟಿ ನೋಡುವುದು ಕಡ್ಡಾಯ.

6. ಆಕ್ಟಿವೇಶನ್: ಮತ್ತೆ ಅದೇ ಕಂಪ್ಯೂಟರ್‌ಗಳನ್ನು ಆರಿಸಿ 'ಆಕ್ಟಿವೇಟ್' ಕೊಡಬೇಕು. ಕಂಪ್ಯೂಟರ್‌ಗಳಿಗೆ ಇಂಟರ್ನೆಟ್ ಇದ್ದರೆ ಆನ್‌ಲೈನ್, ಇಲ್ಲದಿದ್ದರೆ ಪ್ರಾಕ್ಸಿ, ಕೆಎಂಎಸ್ ಇದ್ದರೆ ವಾಲ್ಯೂಮ್ ಆಕ್ಟಿವೇಟ್ ಆಯ್ಕೆ.

ಮೊದಲ ಸಲ ಮಾಡುವಾಗ ಎಲ್ಲ ಕಂಪ್ಯೂಟರ್‌ಗಳನ್ನೂ ಒಟ್ಟಿಗೆ ಆರಿಸುವ ಆತುರ ಬೇಡ. ಎರಡು ಮೂರು ಕಂಪ್ಯೂಟರ್‌ಗೆ ಮೊದಲು ಹಾಕಿ ನೋಡಿ, ಸರಿಯಾಗಿದ್ದರೆ ವಿಭಾಗವಾರು ಮುಂದುವರಿಯಬಹುದು. ತಪ್ಪು ಎಂಎಕೆ ಒಮ್ಮೆ ಆಕ್ಟಿವೇಟ್ ಆದರೆ ಆ ಲೆಕ್ಕ ವಾಪಸ್ ಬರುವುದಿಲ್ಲ.

ಕೆಎಂಎಸ್ ಹೋಸ್ಟ್ ಕೀ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅದನ್ನು ಕಣ್ತಪ್ಪಿನಿಂದ ಸಾಮಾನ್ಯ ಕಂಪ್ಯೂಟರ್‌ಗಳಿಗೆ ಹಾಕಿದರೆ ಅವೂ ಕೆಎಂಎಸ್ ಸರ್ವರ್ ಆಗಲು ಹೊರಡುತ್ತವೆ. ಒಂದು ಹೋಸ್ಟ್ ಕೀ 6 ಯಂತ್ರಗಳಿಗಷ್ಟೇ ಸಲ್ಲುತ್ತದೆ. ಆ ಮಿತಿ ಮುಗಿದ ಮೇಲೆ ನಿಜವಾದ ಸರ್ವರ್‌ಗೇ ಕೀ ಇಲ್ಲದಂತಾಗುತ್ತದೆ.

ಇಂಟರ್ನೆಟ್ ಇಲ್ಲದ ಕಂಪ್ಯೂಟರ್‌ಗಳಿಗೆ ಏನು ದಾರಿ?

ಪ್ರಯೋಗಾಲಯ, ಕಾರ್ಖಾನೆ, ಪರೀಕ್ಷಾ ಕೇಂದ್ರಗಳಂಥ ಕಡೆ ಕಂಪ್ಯೂಟರ್‌ಗಳಿಗೆ ಇಂಟರ್ನೆಟ್ ಕೊಟ್ಟಿರುವುದಿಲ್ಲ. ಅಲ್ಲಿ ವಿಎಎಂಟಿಯ ಪ್ರಾಕ್ಸಿ ಆಕ್ಟಿವೇಶನ್ ನೆರವಿಗೆ ಬರುತ್ತದೆ. ವಿಎಎಂಟಿ ಎಲ್ಲ ಕಂಪ್ಯೂಟರ್‌ಗಳಿಂದ ಇನ್‌ಸ್ಟಾಲೇಶನ್ ಐಡಿ ಸಂಗ್ರಹಿಸಿ, ತಾನೇ ಮೈಕ್ರೋಸಾಫ್ಟ್‌ಗೆ ಕಳುಹಿಸಿ, ಬಂದ ಕನ್ಫರ್ಮೇಶನ್ ಐಡಿಯನ್ನು ಆಯಾ ಕಂಪ್ಯೂಟರ್‌ಗೆ ಹಾಕುತ್ತದೆ.

ಒಳಗಿನ ನೆಟ್‌ವರ್ಕ್‌ಗೆ ಹೊರಗಿನ ಯಾವ ಸಂಪರ್ಕವೂ ಇಲ್ಲದಿದ್ದರೆ ಎರಡು ವಿಎಎಂಟಿ ಬೇಕು. ಒಳಗಿನದ್ದು ಮಾಹಿತಿಯನ್ನು ಸಿಐಎಲ್‌ಎಕ್ಸ್ ಎಂಬ ಫೈಲ್ ಆಗಿ ಕೊಡುತ್ತದೆ. ಅದನ್ನು ಪೆನ್‌ಡ್ರೈವ್‌ನಲ್ಲಿ ಇಂಟರ್ನೆಟ್ ಇರುವ ಕಂಪ್ಯೂಟರ್‌ಗೆ ತಂದು, ಅಲ್ಲಿನ ವಿಎಎಂಟಿಯಲ್ಲಿ ಒಪ್ಪಿಗೆ ಪಡೆದು, ಮತ್ತೆ ಒಳಗೆ ಒಯ್ಯಬೇಕು. ಫೈಲ್ ರಫ್ತು ಮಾಡುವಾಗ 'ಪ್ರಾಕ್ಸಿ ಆಕ್ಟಿವೇಶನ್ ಡೇಟಾ ಮಾತ್ರ' ಎಂಬ ಆಯ್ಕೆ ಆರಿಸಿದರೆ ವ್ಯಕ್ತಿಗಳನ್ನು ಗುರುತಿಸುವ ಮಾಹಿತಿ ಹೊರಗೆ ಹೋಗುವುದಿಲ್ಲ.

ಪ್ರಾಕ್ಸಿ ಆಕ್ಟಿವೇಶನ್‌ನಿಂದ ಇನ್ನೊಂದು ದೊಡ್ಡ ಅನುಕೂಲವಿದೆ. ಉದಾಹರಣೆಗೆ, 50 ಕಂಪ್ಯೂಟರ್‌ಗಳ ಕಾಲೇಜು ಲ್ಯಾಬ್ ಅನ್ನು ವರ್ಷಕ್ಕೆ ಎರಡು ಬಾರಿ ಫಾರ್ಮ್ಯಾಟ್ ಮಾಡಲಾಗುತ್ತದೆ ಎಂದುಕೊಳ್ಳಿ. ಪ್ರತಿ ಬಾರಿ ಎಂಎಕೆಯಿಂದ ಹೊಸದಾಗಿ ಆಕ್ಟಿವೇಟ್ ಮಾಡಿದರೆ ವರ್ಷಕ್ಕೆ 100 ಆಕ್ಟಿವೇಶನ್ ಖರ್ಚಾಗುತ್ತದೆ. ಮೊದಲ ಬಾರಿ ಪ್ರಾಕ್ಸಿ ಮೂಲಕ ಮಾಡಿದ್ದರೆ ಕನ್ಫರ್ಮೇಶನ್ ಐಡಿ ಡೇಟಾಬೇಸ್‌ನಲ್ಲಿ ಉಳಿದಿರುತ್ತದೆ. ಫಾರ್ಮ್ಯಾಟ್ ಆದ ಮೇಲೆ ಅದೇ ಎಂಎಕೆ ಹಾಕಿ, ಉಳಿಸಿಟ್ಟ ಐಡಿಯನ್ನೇ ಮತ್ತೆ ಕೊಟ್ಟರೆ ಹೊಸ ಆಕ್ಟಿವೇಶನ್ ಖರ್ಚಾಗುವುದಿಲ್ಲ. ಮದರ್‌ಬೋರ್ಡ್‌ನಂಥ ಮುಖ್ಯ ಭಾಗ ಬದಲಾಗಿದ್ದರೆ ಮಾತ್ರ ಹಳೆಯ ಐಡಿ ಹೊಂದುವುದಿಲ್ಲ, ಹೊಸದನ್ನು ಪಡೆಯಬೇಕು.

ವಿಂಡೋಸ್ 10 ಹೆಚ್ಚುವರಿ ಅಪ್‌ಡೇಟ್: ಕೀ ಹಾಕುವುದರಲ್ಲಿ ವ್ಯತ್ಯಾಸವೇನು?

ವಿಂಡೋಸ್ 10ಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಳ್ಳುವ ಸಂಸ್ಥೆಗಳಿಗೆ ಮೈಕ್ರೋಸಾಫ್ಟ್ ಪ್ರಕಟಿಸಿದ ಮೊದಲ ವರ್ಷದ ದರ ಒಂದು ಕಂಪ್ಯೂಟರ್‌ಗೆ 61 ಡಾಲರ್. ಪ್ರತಿ ವರ್ಷ ಅದು ದುಪ್ಪಟ್ಟಾಗುತ್ತದೆ. ಗರಿಷ್ಠ ಮೂರು ವರ್ಷ ಪಡೆಯಬಹುದು. ಅಂದರೆ ಮೂರು ವರ್ಷಕ್ಕೆ ಒಟ್ಟು 427 ಡಾಲರ್. ಎರಡನೇ ವರ್ಷ ಸೇರುವವರು ಮೊದಲ ವರ್ಷದ ಹಣವನ್ನೂ ಕಟ್ಟಬೇಕು. ಕಾದರೆ ಉಳಿತಾಯವಾಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯದು.

ಕಂಪ್ಯೂಟರ್‌ನಲ್ಲಿ ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2 ಇರಬೇಕು. ಈ ಕೀ ಕೂಡ ಎಂಎಕೆ ಬಗೆಯದ್ದೇ. ಆದರೆ ಇದು ವಿಂಡೋಸ್‌ನ ಮೂಲ ಕೀಯನ್ನು ಬದಲಿಸುವುದಿಲ್ಲ, ಅದರ ಜತೆಗೆ ಕೂರುತ್ತದೆ. ಐಪಿಕೆ ಆದೇಶದಿಂದ ಕೀ ಹಾಕಿದ ಮೇಲೆ, ಎಟಿಒ ಆದೇಶದ ಮುಂದೆ ಆಯಾ ವರ್ಷಕ್ಕೆ ಮೈಕ್ರೋಸಾಫ್ಟ್ ಕೊಟ್ಟಿರುವ ಆಕ್ಟಿವೇಶನ್ ಐಡಿಯನ್ನೂ ಸೇರಿಸಬೇಕು. ಬರೀ ಎಟಿಒ ಕೊಟ್ಟು 'ಯಶಸ್ವಿ' ಎಂಬ ಸಂದೇಶ ನೋಡಿ ಸುಮ್ಮನಾದರೆ ಆಕ್ಟಿವೇಟ್ ಆಗಿರುವುದು ಮೂಲ ವಿಂಡೋಸ್ ಮಾತ್ರ ಆಗಿರಬಹುದು. ಡಿಎಲ್‌ವಿ ಆದೇಶಕ್ಕೂ ಅದೇ ಐಡಿ ಕೊಟ್ಟು, ಸ್ಥಿತಿ 'ಲೈಸೆನ್ಸ್ಡ್' ಎಂದಿದೆಯೇ ನೋಡಬೇಕು.

ಮನೆ ಬಳಕೆಯ ಕಂಪ್ಯೂಟರ್‌ಗಳಿಗೆ ಈ ಕೀ ಗೊಡವೆ ಇಲ್ಲ. ಅವರಿಗೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿ ವ್ಯವಸ್ಥೆ ಇದೆ. ಹೀಗಾಗಿ ಮನೆ ಕಂಪ್ಯೂಟರ್‌ಗೆ 'ಇಎಸ್‌ಯು ಕೀ' ಮಾರುತ್ತೇವೆ ಎನ್ನುವವರನ್ನು ನಂಬಬೇಡಿ.

ಸಾಮಾನ್ಯ ದೋಷಗಳು ಮತ್ತು ಪರಿಹಾರ

ಕೋಡ್‌ನ ಆರಂಭದ '0ಎಕ್ಸ್' ಬಿಟ್ಟು ಇಲ್ಲಿ ಕೊಡಲಾಗಿದೆ.

* ಸಿ004ಎಫ್050: ಕೀ ತಪ್ಪಾಗಿದೆ. ಟೈಪ್ ಮಾಡಿದ್ದನ್ನು ಮತ್ತೊಮ್ಮೆ ನೋಡಿ.

* ಸಿ004ಎಫ್069: ಆವೃತ್ತಿ ಮತ್ತು ಕೀ ತಾಳೆಯಾಗುತ್ತಿಲ್ಲ. ಎಂಟರ್‌ಪ್ರೈಸ್ ಕೀಯನ್ನು ಬೇರೆ ಆವೃತ್ತಿಗೆ ಹಾಕುತ್ತಿದ್ದೀರಾ ಪರಿಶೀಲಿಸಿ.

* ಸಿ004ಎಫ್038: ಕೆಎಂಎಸ್ ಸಂಪರ್ಕಿಸಿದ ಕಂಪ್ಯೂಟರ್‌ಗಳ ಸಂಖ್ಯೆ ಸಾಲದು. 25 ಕಂಪ್ಯೂಟರ್ ಇದ್ದೂ ಲೆಕ್ಕ ಏರದಿದ್ದರೆ, ಸಿಸ್‌ಪ್ರೆಪ್ ಮಾಡದೆ ಒಂದೇ ಇಮೇಜ್‌ನಿಂದ ನಕಲು ಮಾಡಿರುವ ಸಾಧ್ಯತೆ ಇದೆ. ಒಂದೇ ಗುರುತು ಹೊತ್ತ ಹತ್ತು ಕಂಪ್ಯೂಟರ್‌ಗಳನ್ನು ಕೆಎಂಎಸ್ ಒಂದೇ ಎಂದು ಎಣಿಸುತ್ತದೆ.

* ಸಿ004ಎಫ್074: ಕೆಎಂಎಸ್ ಸರ್ವರ್ ಸಿಗುತ್ತಿಲ್ಲ. ನೆಟ್‌ವರ್ಕ್, ವಿಪಿಎನ್ ಮತ್ತು ಪೋರ್ಟ್ 1688 ನೋಡಿ.

* ಸಿ004ಎಫ್06ಸಿ: ಕಂಪ್ಯೂಟರ್ ಮತ್ತು ಸರ್ವರ್‌ನ ಸಮಯದಲ್ಲಿ 4 ಗಂಟೆಗಿಂತ ಹೆಚ್ಚು ಅಂತರವಿದೆ. ಹಳೆಯ ಕಂಪ್ಯೂಟರ್‌ನ ಬ್ಯಾಟರಿ ಹೋಗಿ ಗಡಿಯಾರ ಹಿಂದೆ ಬಿದ್ದಿದ್ದರೂ ಹೀಗಾಗುತ್ತದೆ.

* ಸಿ004ಸಿ020: ಎಂಎಕೆ ಮಿತಿ ಮುಗಿದಿದೆ. ಲೈಸೆನ್ಸ್ ಸಂಖ್ಯೆ ಸರಿಯಾಗಿದ್ದರೆ ಮೈಕ್ರೋಸಾಫ್ಟ್‌ನ ಆಕ್ಟಿವೇಶನ್ ಕೇಂದ್ರವನ್ನು ಸಂಪರ್ಕಿಸಿ ಮಿತಿ ಹೆಚ್ಚಿಸುವಂತೆ ಕೋರಬಹುದು.

ವಿಎಎಂಟಿಯಲ್ಲೇ 'ಡಬ್ಲ್ಯುಎಂಐ ಸಂಪರ್ಕ ಸಾಧ್ಯವಾಗಲಿಲ್ಲ' ಎಂದು ಬಂದರೆ ಅದು ಕೀ ಸಮಸ್ಯೆ ಅಲ್ಲ. ಆ ಕಂಪ್ಯೂಟರ್ ಆಫ್ ಆಗಿರಬಹುದು, ಫೈರ್‌ವಾಲ್ ತಡೆದಿರಬಹುದು ಅಥವಾ ಖಾತೆಗೆ ಹಕ್ಕು ಇಲ್ಲದಿರಬಹುದು.

ಕೀ ಸೋರದಂತೆ ನೋಡಿಕೊಳ್ಳುವುದು ಹೇಗೆ?

ಎಂಎಕೆ ಎಂದರೆ ಸಂಸ್ಥೆಯ ಹಣ. ಯಾರ ಕೈಗೆ ಸಿಕ್ಕರೂ ಅವರ ಕಂಪ್ಯೂಟರ್ ಆಕ್ಟಿವೇಟ್ ಆಗುತ್ತದೆ, ಸಂಸ್ಥೆಯ ಲೆಕ್ಕದಲ್ಲಿ ಒಂದು ಕಡಿಮೆಯಾಗುತ್ತದೆ. ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಕೀ ಕಳುಹಿಸುವುದು, ಎಲ್ಲರಿಗೂ ತೆರೆದಿರುವ ಎಕ್ಸೆಲ್ ಹಾಳೆಯಲ್ಲಿ ಬರೆದಿಡುವುದು, ಮಾನಿಟರ್ ಹಿಂದೆ ಚೀಟಿ ಅಂಟಿಸುವುದು ಇವೆಲ್ಲ ಸೋರಿಕೆಗೆ ನೇರ ದಾರಿ.

ಹೊರಗೆ ಕಾಣದ ಇನ್ನೊಂದು ದಾರಿಯೂ ಇದೆ. ಕೀ ಹಾಕುವ ಆದೇಶವನ್ನು ಲಾಗಾನ್ ಸ್ಕ್ರಿಪ್ಟ್‌ನಲ್ಲಿ ಬರೆದು ಡೊಮೇನ್‌ನ ಸಿಸ್‌ವಾಲ್ ಫೋಲ್ಡರ್‌ನಲ್ಲಿ ಇಟ್ಟರೆ, ಡೊಮೇನ್‌ಗೆ ಲಾಗಿನ್ ಆಗುವ ಪ್ರತಿಯೊಬ್ಬ ಸಿಬ್ಬಂದಿಯೂ ಆ ಸ್ಕ್ರಿಪ್ಟ್ ತೆರೆದು ಕೀ ಓದಬಹುದು. ವಿಎಎಂಟಿ ಬಳಸಿದರೆ ಕೀ ಅಡ್ಮಿನ್‌ನ ಡೇಟಾಬೇಸ್‌ನಲ್ಲೇ ಉಳಿಯುತ್ತದೆ. ಆ ಡೇಟಾಬೇಸ್ ಮತ್ತು ಅದರ ಬ್ಯಾಕಪ್ ಯಾರಿಗೆ ತೆರೆದಿದೆ ಎಂದು ಮಾತ್ರ ಗಮನಿಸಬೇಕು. ದೂರದ ಕಂಪ್ಯೂಟರ್‌ಗೆ ಎಸ್‌ಎಲ್‌ಎಂಜಿಆರ್ ಬಳಸುವಾಗ ಪಾಸ್‌ವರ್ಡ್ ಅನ್ನು ಆದೇಶದಲ್ಲೇ ಬರೆಯುವ ಅವಕಾಶವಿದೆ. ಸಾಧ್ಯವಾದಷ್ಟೂ ಅದನ್ನು ಬಳಸದಿರುವುದೇ ಕ್ಷೇಮ.

ಅಗ್ಗದ ಕೀ, ನಕಲಿ ಕೆಎಂಎಸ್: ಕಾನೂನು ಏನು ಹೇಳುತ್ತದೆ?

ಕೆಲವೇ ನೂರು ರೂಪಾಯಿಗೆ 'ಜೀವಮಾನದ ಕೀ' ಎಂಬ ಜಾಹೀರಾತುಗಳು ಆನ್‌ಲೈನ್‌ನಲ್ಲಿ ಕಾಣಸಿಗುತ್ತವೆ. ಇಂಥ ಕೀ ಬೇರೆ ಯಾವುದೋ ಸಂಸ್ಥೆಯ ಎಂಎಕೆ ಆಗಿದ್ದರೆ ಮೊದಲ ದಿನ ಕೆಲಸ ಮಾಡುತ್ತದೆ. ಕೀ ನಿರ್ಬಂಧಿಸಲ್ಪಟ್ಟ ಮೇಲೆ ಹೊಸದಾಗಿ ಆಕ್ಟಿವೇಶನ್ ಆಗುವುದಿಲ್ಲ, ಲೆಕ್ಕಪರಿಶೋಧನೆಗೆ ತೋರಿಸಲು ಯೋಗ್ಯವಾದ ದಾಖಲೆಯೂ ಕೈಯಲ್ಲಿ ಇರುವುದಿಲ್ಲ.

ನಕಲಿ ಕೆಎಂಎಸ್ ಸಾಧನಗಳು ಇದಕ್ಕಿಂತ ಅಪಾಯಕಾರಿ. ಅಂಥ ಸಾಧನ ಹಾಕುವ ಮುನ್ನ ಆ್ಯಂಟಿವೈರಸ್ ಆಫ್ ಮಾಡಿ ಎಂಬ ಸೂಚನೆ ಬರುವುದು ಸಾಮಾನ್ಯ. ಅಡ್ಮಿನ್ ಹಕ್ಕು ಕೊಟ್ಟು, ಆ್ಯಂಟಿವೈರಸ್ ಆಫ್ ಮಾಡಿ ಅಪರಿಚಿತ ಪ್ರೋಗ್ರಾಂ ನಡೆಸುವುದೆಂದರೆ ಕಳ್ಳನಿಗೆ ಬಾಗಿಲು ತೆರೆದು ಬೀಗದ ಕೈಯನ್ನೂ ಕೊಟ್ಟಂತೆ. ಪಾಸ್‌ವರ್ಡ್ ಕದಿಯುವ ಮಾಲ್‌ವೇರ್ ಇಂಥ ಸಾಧನಗಳ ಹೆಸರಿನಲ್ಲಿ ಹರಡಿದ್ದನ್ನು ಭದ್ರತಾ ಸಂಶೋಧಕರು ಹಿಂದೆಯೇ ಗುರುತಿಸಿದ್ದಾರೆ.

ಭಾರತದಲ್ಲಿ ಕಂಪ್ಯೂಟರ್ ಪ್ರೋಗ್ರಾಂಗಳು 1957ರ ಹಕ್ಕುಸ್ವಾಮ್ಯ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಕಾಯ್ದೆಯ 63ಬಿ ಸೆಕ್ಷನ್ ಪ್ರಕಾರ, ನಕಲಿ ಎಂದು ತಿಳಿದೂ ಅಂಥ ಪ್ರೋಗ್ರಾಂ ಬಳಸಿದರೆ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ವ್ಯಾಪಾರ ಅಥವಾ ಲಾಭದ ಉದ್ದೇಶ ಇಲ್ಲದಿದ್ದರೆ ಜೈಲು ಶಿಕ್ಷೆ ವಿಧಿಸದೆ 50 ಸಾವಿರ ರೂಪಾಯಿವರೆಗಿನ ದಂಡ ಮಾತ್ರ ಹಾಕುವ ವಿವೇಚನೆ ನ್ಯಾಯಾಲಯಕ್ಕಿದೆ. 'ಮ್ಯಾನೇಜರ್ ಹೇಳಿದರು, ಹಾಕಿದೆ' ಎನ್ನುವ ಅಡ್ಮಿನ್ ಕೂಡ ನಕಲಿ ಎಂದು ತಿಳಿದೇ ಹಾಕಿದ್ದರೆ ತೊಂದರೆಗೆ ಸಿಲುಕಬಹುದು. ಆದ್ದರಿಂದ ಇಂಥ ಸೂಚನೆ ಬಂದರೆ ಬಾಯಿಮಾತಿನಲ್ಲಿ ಬಿಡದೆ, ಕೀ ಎಲ್ಲಿಂದ ಬಂತು, ಬಿಲ್ ಎಲ್ಲಿದೆ ಎಂದು ಇಮೇಲ್‌ನಲ್ಲಿ ಕೇಳುವುದು ಒಳಿತು.

ಕೆಲಸ ಮುಗಿಸುವ ಮುನ್ನ ಗಮನಿಸಿ

* ವಿಎಎಂಟಿಯಲ್ಲಿ ಲೈಸೆನ್ಸ್ ಸ್ಥಿತಿಯನ್ನು ಮತ್ತೊಮ್ಮೆ ಅಪ್‌ಡೇಟ್ ಮಾಡಿ, ಬಾಕಿ ಉಳಿದ ಕಂಪ್ಯೂಟರ್‌ಗಳ ಪಟ್ಟಿ ಮಾಡಿ. ರಜೆಯಲ್ಲಿರುವ ಸಿಬ್ಬಂದಿಯ ಲ್ಯಾಪ್‌ಟಾಪ್‌ಗಳು ಈ ಪಟ್ಟಿಯಲ್ಲಿ ಸಿಗುತ್ತವೆ.

* ಕೊಂಡ ಲೈಸೆನ್ಸ್ ಎಷ್ಟು, ಹಾಕಿದ್ದು ಎಷ್ಟು, ಎಂಎಕೆಯಲ್ಲಿ ಉಳಿದಿದ್ದು ಎಷ್ಟು ಎಂಬ ಮೂರೂ ಲೆಕ್ಕ ತಾಳೆ ನೋಡಿ. ಎಂಎಕೆಯ ಮಿತಿ ಮತ್ತು ಕೊಂಡ ಲೈಸೆನ್ಸ್ ಸಂಖ್ಯೆ ಒಂದೇ ಆಗಿರಬೇಕೆಂದಿಲ್ಲ. ಕೀ ಒಪ್ಪಿಕೊಂಡಿತು ಎಂಬ ಮಾತ್ರಕ್ಕೆ ಅಷ್ಟು ಕಂಪ್ಯೂಟರ್‌ಗೆ ಲೈಸೆನ್ಸ್ ಇದೆ ಎಂದರ್ಥವಲ್ಲ.

* ತಾತ್ಕಾಲಿಕವಾಗಿ ಸಡಿಲಿಸಿದ ಫೈರ್‌ವಾಲ್ ಮತ್ತು ರಿಜಿಸ್ಟ್ರಿ ಬದಲಾವಣೆಗಳನ್ನು ಹಿಂಪಡೆಯಿರಿ.

* ಡೇಟಾಬೇಸ್ ಬ್ಯಾಕಪ್ ಇಡಿ. ಪ್ರಾಕ್ಸಿಯಿಂದ ಪಡೆದ ಕನ್ಫರ್ಮೇಶನ್ ಐಡಿಗಳು ಅದರಲ್ಲೇ ಇರುತ್ತವೆ.

* ಅಡ್ಮಿನ್ ಕೆಲಸ ಬಿಡುವಾಗ ವಿಎಎಂಟಿ ಡೇಟಾಬೇಸ್, ಅಡ್ಮಿನ್ ಸೆಂಟರ್ ಖಾತೆ ಮತ್ತು ಖರೀದಿ ಬಿಲ್‌ಗಳನ್ನು ಲಿಖಿತವಾಗಿ ಮುಂದಿನವರಿಗೆ ಒಪ್ಪಿಸಿ. ಲೈಸೆನ್ಸ್ ಖಾತೆ ವೈಯಕ್ತಿಕ ಇಮೇಲ್ ಹೆಸರಿನಲ್ಲಿ ಇದ್ದರೆ, ಅವರು ಹೋದ ಮರುದಿನವೇ ಸಂಸ್ಥೆ ತನ್ನದೇ ಕೀಗಾಗಿ ಪರದಾಡಬೇಕಾಗುತ್ತದೆ.